ಪಂಚರ್ ಹಾಕುವ ಮೊದಲು ಮುಳ್ಳು ಹುಡುಕಿ

ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ ಮೈಸೂರಿನ ರಿಂಗ್ ರಸ್ತೆಯ ಪಕ್ಕ ಒಬ್ಬ ಹುಡುಗ ಸೈಕಲ್ ಮಲಗಿಸಿಕೊಂಡು ಕೂತಿದ್ದ. ನಿಲ್ಲಿಸಿ ವಿಚಾರಿಸಿದೆ. ಅರ್ಧ ಗಂಟೆಯಲ್ಲಿ ಅವನಿಗೆ ಅದು ಎರಡನೇ ಪಂಚರ್. ಮೊದಲನೇ ಸಲ ಹೊಸ ಟ್ಯೂಬ್ ಹಾಕಿಕೊಂಡು ಹೊರಟಿದ್ದ. ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಅದೂ ಇಳಿಯಿತು. ‘ಟ್ಯೂಬೇ ಸರಿಯಿಲ್ಲ ಸರ್’ ಅಂದ. ಟೈರಿನ ಒಳಗೆ ಒಂದು ಹಳೇ ಬಟ್ಟೆ ಓಡಿಸಿದೆ. ಒಂದು ಕಡೆ ಬಟ್ಟೆಯ ಎಳೆ ಸಿಕ್ಕಿಕೊಂಡಿತು. ಅಲ್ಲಿ ನೆಗ್ಗಿಲು ಮುಳ್ಳಿನ ಮೊನೆ ಇತ್ತು. ಹೊರಗಿನಿಂದ ನೋಡಿದರೆ ಬರೀ ಒಂದು ಕಪ್ಪು ಚುಕ್ಕೆ, ಅಷ್ಟೇ.

ತೂತು ಮುಚ್ಚುವುದು ಎಲ್ಲರಿಗೂ ಬರುತ್ತದೆ. ತೂತು ಮಾಡಿದ್ದು ಯಾವುದು ಅಂತ ಹುಡುಕುವವರು ಕಡಿಮೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ರಸ್ತೆ ಬಿಡಿ

ಹಿಂದಿನ ಟೈರಿನ ಗಾಳಿ ಹೋದರೆ ಸೈಕಲ್ಲಿನ ಹಿಂಭಾಗ ಜಾರಿದಂತೆ ಓಲಾಡುತ್ತದೆ. ಮುಂದಿನದು ಹೋದರೆ ಹ್ಯಾಂಡಲ್ ಒಂದು ಕಡೆಗೆ ಎಳೆಯುತ್ತದೆ. ಮುಂದಿನದೇ ಜಾಸ್ತಿ ಅಪಾಯ. ಆಗ ಮುಂದಿನ ಬ್ರೇಕ್ ಹಿಡಿಯಬೇಡಿ. ಪೆಡಲ್ ನಿಲ್ಲಿಸಿ, ಹ್ಯಾಂಡಲ್ ನೆಟ್ಟಗೆ ಇಟ್ಟುಕೊಂಡು, ಹಿಂದಿನ ಬ್ರೇಕನ್ನು ಮೆತ್ತಗೆ ಒತ್ತುತ್ತಾ ಎಡಕ್ಕೆ ಬನ್ನಿ. ಡಾಂಬರು ಬಿಟ್ಟು ಮಣ್ಣಿಗೋ ಫುಟ್‌ಪಾತಿಗೋ ಇಳಿದ ಮೇಲೇ ಸೈಕಲ್ ತಲೆಕೆಳಗು ಮಾಡಿ ನಿಲ್ಲಿಸಿ. ಕತ್ತಲಾಗಿದ್ದರೆ ಹಿಂದಿನ ಕೆಂಪು ಲೈಟ್ ಬರುವ ವಾಹನಗಳಿಗೆ ಕಾಣುವಂತೆ ಇಡಿ. ‘ಅಂಗಡಿ ಇಲ್ಲೇ ಇದೆ’ ಅಂತ ಗಾಳಿಯಿಲ್ಲದ ಟೈರಿನ ಮೇಲೆ ತುಳಿಯಬೇಡಿ. ಟ್ಯೂಬ್ ಚಿಂದಿಯಾಗುತ್ತದೆ, ರಿಮ್ಮೂ ಬೆಂಡಾಗುತ್ತದೆ. ತಳ್ಳಿಕೊಂಡು ಹೋಗಿ.

ಟ್ಯೂಬ್ ಹೊರಗೆ

ಗೇರ್ ಸೈಕಲ್ಲಾದರೆ ಹಿಂದಿನ ಚೈನನ್ನು ಎಲ್ಲಕ್ಕಿಂತ ಚಿಕ್ಕ ಹಲ್ಲುಚಕ್ರಕ್ಕೆ ತಂದು ಚಕ್ರ ಬಿಚ್ಚಿ. ಹಳೇ ಕಾಲದ ಕಪ್ಪು ಸೈಕಲ್ಲಿಗೆ ಬರೀ ಪ್ಯಾಚ್ ಹಾಕುವುದಾದರೆ ಚಕ್ರ ಬಿಚ್ಚುವ ಕೆಲಸವೇ ಇಲ್ಲ. ಟೈರಿನ ಒಂದು ಅಂಚು ಹೊರಗೆ ತೆಗೆದು ಟ್ಯೂಬ್ ಎಳೆದುಕೊಂಡರೆ ಸಾಕು. ಮರದ ಕೆಳಗೆ ಹಳೇ ಟೈರ್ ನೇತುಹಾಕಿಕೊಂಡು ಕೂರುವ ಪಂಚರ್ ಅಂಗಡಿಯವರು ಮಾಡುವುದೂ ಹಾಗೇ. ಸ್ಕ್ರೂಡ್ರೈವರ್ ಮಾತ್ರ ಮುಟ್ಟಬೇಡಿ. ಟೈರಿನ ಅಂಚು ಎಬ್ಬಿಸುವ ಪ್ಲಾಸ್ಟಿಕ್ಕಿನ ಟೈರ್ ಲಿವರ್ ಎರಡು ಇಟ್ಟುಕೊಳ್ಳಿ. ತೀರಾ ಅಗ್ಗದವು ಎರಡನೇ ಬಳಕೆಗೇ ಮುರಿಯುತ್ತವೆ, ಸ್ವಲ್ಪ ದಪ್ಪನೆಯವು ನೋಡಿ ತೆಗೆದುಕೊಳ್ಳಿ.

ಟ್ಯೂಬ್ ತೆಗೆಯುವ ಮೊದಲು ಒಂದು ಕೆಲಸ ಇದೆ. ಗಾಳಿ ತುಂಬುವ ವಾಲ್ ಇರುವ ಜಾಗಕ್ಕೆ ಸರಿಯಾಗಿ ಟೈರಿನ ಮೇಲೆ ಚಾಕ್‌ಪೀಸಿನಿಂದಲೋ ಪೆನ್ನಿನಿಂದಲೋ ಗುರುತು ಹಾಕಿ. ನಾನು ಟೈರ್ ಹಾಕುವಾಗಲೇ ಕಂಪನಿಯ ಹೆಸರು ವಾಲಿನ ಎದುರಿಗೆ ಬರುವಂತೆ ಕೂರಿಸುತ್ತೇನೆ. ಆಗ ಗುರುತು ಹಾಕುವ ಕೆಲಸವೂ ತಪ್ಪುತ್ತದೆ.

ಕಳ್ಳ ಎಲ್ಲಿದ್ದಾನೆ?

ಇಲ್ಲಿ ಅವಸರ ಮಾಡಬೇಡಿ. ಟ್ಯೂಬಿಗೆ ಎರಡರಷ್ಟು ದಪ್ಪ ಆಗುವವರೆಗೆ ಗಾಳಿ ಹೊಡೆಯಿರಿ. ಮನೆಯಲ್ಲಿದ್ದರೆ ನೀರಿನ ಬೋಗುಣಿಯಲ್ಲಿ ಸ್ವಲ್ಪ ಸ್ವಲ್ಪವೇ ಮುಳುಗಿಸಿ ಗುಳ್ಳೆ ನೋಡಿ. ದಾರಿಯಲ್ಲಿ ನೀರು ಬೇಕಿಲ್ಲ. ಟ್ಯೂಬನ್ನು ತುಟಿಯ ಹತ್ತಿರ ಹಿಡಿದು ನಿಧಾನಕ್ಕೆ ತಿರುಗಿಸಿ. ಕಿವಿಗೆ ಕೇಳಿಸದ ಗಾಳಿಯೂ ಒದ್ದೆ ತುಟಿಗೆ ತಣ್ಣಗೆ ತಾಗುತ್ತದೆ. ತೂತು ಸಿಕ್ಕ ಕೂಡಲೇ ಪೆನ್ನಿನಲ್ಲಿ ಅದರ ಮೇಲೆ ದೊಡ್ಡ ಕೂಡಿಸುವ ಚಿಹ್ನೆ ಬರೆಯಿರಿ. ಗೆರೆಗಳು ಉದ್ದ ಇರಲಿ. ಉಜ್ಜುವಾಗ ನಡುವೆ ಅಳಿಸಿಹೋದರೂ ತುದಿಗಳು ಉಳಿಯುತ್ತವೆ. ಒಂದು ತೂತು ಸಿಕ್ಕಿತು ಅಂತ ನಿಲ್ಲಿಸಬೇಡಿ, ಪೂರ್ತಿ ಸುತ್ತು ನೋಡಿ.

ಈಗ ಆ ತೂತು ಏನು ಹೇಳುತ್ತಿದೆ ಅಂತ ನೋಡಿ. ಹೊರಮೈಯಲ್ಲಿ ಒಂದೇ ಸಣ್ಣ ತೂತು ಇದ್ದರೆ ಮುಳ್ಳು, ಗಾಜು, ಇಲ್ಲವೇ ತಂತಿ. ಲಾರಿ ಟೈರ್ ಸವೆದಾಗ ಉದುರುವ ಕೂದಲಿನಂಥ ಉಕ್ಕಿನ ತಂತಿ ಎಲ್ಲಕ್ಕಿಂತ ಕೆಟ್ಟದ್ದು. ಅದು ಕಣ್ಣಿಗೇ ಬೀಳುವುದಿಲ್ಲ. ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ಸೀಳು ಇದ್ದರೆ ಮುಳ್ಳು ಹುಡುಕುವುದು ಸುಮ್ನೆ. ಗಾಳಿ ಕಡಿಮೆ ಇಟ್ಟುಕೊಂಡು ಹಂಪ್ ಅಥವಾ ಗುಂಡಿ ಹಾರಿಸಿದ್ದೀರಿ, ರಿಮ್ಮು ಟ್ಯೂಬನ್ನು ಕಚ್ಚಿದೆ. ತೂತು ಒಳಮೈಯಲ್ಲಿ, ಅಂದರೆ ರಿಮ್ಮಿನ ಕಡೆ ಇದ್ದರೆ ರಿಮ್ಮಿನ ಪಟ್ಟಿ ಸರಿದು ಕಡ್ಡಿಯ ತುದಿಯೋ ಅದರ ತೂತಿನ ಅಂಚೋ ಚುಚ್ಚಿದೆ. ಆ ಪಟ್ಟಿ ಸರಿ ಮಾಡದೆ ಎಷ್ಟು ಪ್ಯಾಚ್ ಹಾಕಿದರೂ ನಿಲ್ಲುವುದಿಲ್ಲ. ವಾಲಿನ ಬುಡದಲ್ಲೇ ಕಿತ್ತಿದ್ದರೆ ಆ ಟ್ಯೂಬ್ ಬಿಟ್ಟುಬಿಡಿ, ಅಲ್ಲಿ ಪ್ಯಾಚ್ ಕೂರುವುದಿಲ್ಲ.

ಮುಳ್ಳಿನ ತೂತಾದರೆ ಟ್ಯೂಬನ್ನು ಟೈರಿನ ಮೇಲೆ ಇಟ್ಟು, ವಾಲನ್ನು ಗುರುತಿಗೆ ಹೊಂದಿಸಿ. ತೂತಿನ ಎದುರಿಗೇ ಮುಳ್ಳು ಇರುತ್ತದೆ. ತೆಗೆಯುವಾಗ ಟ್ಯೂಬ್ ತಿರುವಿ ಬಿದ್ದಿದ್ದರೆ ವಾಲಿನಿಂದ ಅಷ್ಟೇ ದೂರದಲ್ಲಿ, ಇನ್ನೊಂದು ಪಕ್ಕದಲ್ಲಿ ಇರುತ್ತದೆ. ಹಾಗಾಗಿ ಹುಡುಕಬೇಕಾದ್ದು ಎರಡೇ ಜಾಗ. ಅಲ್ಲಿ ಟೈರನ್ನು ಹೊರಗಿನಿಂದ ಬಾಗಿಸಿ ಬಿಸಿಲಿಗೆ ಹಿಡಿದು ನೋಡಿ. ಆಮೇಲೆ ಒಳಗೆ ಬಟ್ಟೆ ಓಡಿಸಿ. ಬರೀ ಬೆರಳು ಓಡಿಸಬೇಡಿ, ಗಾಜಿದ್ದರೆ ಕೊಯ್ಯುತ್ತದೆ. ಹಳೇ ಬನಿಯನ್ ಬಟ್ಟೆ ಇದಕ್ಕೆ ಹೇಳಿ ಮಾಡಿಸಿದ್ದು, ಎಂಥ ಸಣ್ಣ ಮೊನೆಗೂ ಅದರ ಎಳೆ ಸಿಕ್ಕಿಕೊಳ್ಳುತ್ತದೆ. ಮುಳ್ಳನ್ನು ಸೇಫ್ಟಿ ಪಿನ್ನಿನಿಂದ ಹೊರಗಿನಿಂದ ಎಬ್ಬಿಸಿ, ಚಿಮಟದಿಂದ ಎಳೆಯಿರಿ. ಬಳ್ಳಾರಿ ಜಾಲಿಯ ಮುಳ್ಳಾದರೆ ತುದಿ ಮುರಿದು ಒಳಗೇ ಉಳಿದಿರುತ್ತದೆ, ಇನ್ನೊಮ್ಮೆ ಬಟ್ಟೆ ಓಡಿಸಿ. ತೆಗೆದ ಮುಳ್ಳನ್ನು ರಸ್ತೆಗೆ ಎಸೆಯಬೇಡಿ. ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಳ್ಳಿ. ಹಿಂದೆ ಇನ್ನೊಬ್ಬರು ಬರುತ್ತಿರುತ್ತಾರೆ ಅಲ್ವಾ?

ಪ್ಯಾಚ್

ಟ್ಯೂಬಿನ ಹೊಳಪು ಹೋಗುವವರೆಗೆ ಸ್ಯಾಂಡ್ ಪೇಪರಿನಿಂದ ಉಜ್ಜಿ. ಪ್ಯಾಚಿಗಿಂತ ಅಗಲವಾಗಿ ಸೊಲ್ಯೂಷನ್, ಅಂದರೆ ಪಂಚರ್ ಅಂಟು, ತೆಳ್ಳಗೆ ಸವರಿ. ಇನ್ನು ಕಾಯಿರಿ. ಎಲ್ಲರೂ ಎಡವುವುದು ಇಲ್ಲೇ, ಹಸಿ ಸೊಲ್ಯೂಷನ್ ಮೇಲೆ ಪ್ಯಾಚ್ ಒತ್ತಿಬಿಡುತ್ತಾರೆ. ಐದು ನಿಮಿಷವಾದರೂ ಬಿಡಿ. ಹೊಳೆಯುವ ಒದ್ದೆ ಹೋಗಿ ಮಂಕಾಗಬೇಕು. ಪ್ಯಾಚಿನ ಬೆಳ್ಳಿ ಕಾಗದ ಸುಲಿದು, ಆ ಮುಖಕ್ಕೆ ಬೆರಳು ತಾಗಿಸದೆ ಕೂರಿಸಿ, ಲಿವರಿನ ಬೆನ್ನಿನಿಂದ ನಡುವಿನಿಂದ ಅಂಚಿಗೆ ಒತ್ತಿ. ಸುತ್ತ ಉಳಿದ ಅಂಟಿನ ಮೇಲೆ ಚಿಟಿಕೆ ಪೌಡರ್ ಹಾಕಿದರೆ ಟೈರಿಗೆ ಅಂಟಿಕೊಳ್ಳುವುದಿಲ್ಲ.

ಒಮ್ಮೆ ಮುಚ್ಚಳ ತೆಗೆದ ಸೊಲ್ಯೂಷನ್ ಕೆಲವು ತಿಂಗಳಲ್ಲಿ ಒಳಗೇ ಒಣಗುತ್ತದೆ. ವರ್ಷದ ಹಿಂದಿನದನ್ನು ನಂಬಿ ಹೊರಡಬೇಡಿ. ಸ್ಟಿಕರ್ ಥರ ಅಂಟಿಸುವ ಪ್ಯಾಚ್ ಮನೆ ಸೇರುವ ತನಕ ಸರಿ, ಆಮೇಲೆ ಬದಲಾಯಿಸಿ. ಟ್ಯೂಬಿನೊಳಗೆ ಸುರಿಯುವ ಪಂಚರ್ ದ್ರವ ನನಗೆ ಇಷ್ಟವಿಲ್ಲ. ಅದು ತೂತಿನಿಂದ ಜಿನುಗುತ್ತಿದ್ದರೆ ಪ್ಯಾಚ್ ಅಂಟುವುದೇ ಕಷ್ಟ. ನನ್ನ ಚೀಲದಲ್ಲಿ ಯಾವಾಗಲೂ ಒಂದು ಹೊಸ ಟ್ಯೂಬ್ ಇರುತ್ತದೆ. ದಾರಿಯಲ್ಲಿ ಟ್ಯೂಬ್ ಬದಲಾಯಿಸಿ, ಪ್ಯಾಚ್ ಕೆಲಸ ಮನೆಯಲ್ಲಿ ಕೂತು ಮಾಡುವುದು ಒಳ್ಳೆಯದು.

ಟೈರ್ ಕೂರಿಸುವಾಗ

ಟ್ಯೂಬ್ ದುಂಡಗೆ ನಿಲ್ಲುವಷ್ಟು ಗಾಳಿ ಹಾಕಿ ಒಳಗೆ ಸೇರಿಸಿ. ಟೈರಿನ ಅಂಚನ್ನು ವಾಲಿನ ಎದುರು ತುದಿಯಿಂದ ಶುರು ಮಾಡಿ ವಾಲಿನ ಹತ್ತಿರ ಮುಗಿಸಿ. ಹೆಚ್ಚಿನವರು ಇದನ್ನು ಉಲ್ಟಾ ಮಾಡಿ, ಕೊನೆಯಲ್ಲಿ ಬಿಗಿಯಾಯಿತು ಅಂತ ಲಿವರ್ ಹಾಕಿ, ಹೊಸ ತೂತು ಮಾಡಿಕೊಳ್ಳುತ್ತಾರೆ. ಅಂಚನ್ನು ರಿಮ್ಮಿನ ನಡುವಿನ ತಗ್ಗಿಗೆ ಇಳಿಸುತ್ತಾ ಬಂದರೆ ಸಡಿಲ ಸಿಗುತ್ತದೆ, ಹೆಬ್ಬೆರಳೇ ಸಾಕು. ಆಮೇಲೆ ವಾಲನ್ನು ಒಮ್ಮೆ ಒಳಕ್ಕೆ ಒತ್ತಿ ಬಿಡಿ. ಟೈರನ್ನು ಎರಡೂ ಕಡೆ ಬಾಗಿಸಿ ಟ್ಯೂಬ್ ಎಲ್ಲಾದರೂ ಸಿಕ್ಕಿಕೊಂಡಿದೆಯೇ ಅಂತ ಸುತ್ತಲೂ ನೋಡಿ.

ಗಾಳಿ ಎಷ್ಟು ಅಂತ ಟೈರಿನ ಪಕ್ಕದಲ್ಲೇ ಬರೆದಿರುತ್ತದೆ. 26 ಇಂಚಿನ ದಪ್ಪ ಟೈರಿಗೆ 40ರಿಂದ 50 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), 28 ಮಿಲಿಮೀಟರ್ ಅಗಲದ ರೋಡ್ ಟೈರಿಗೆ 80ರ ಆಸುಪಾಸು ನಾನು ಇಡುವ ಲೆಕ್ಕ. ದಿನಾ ಆಫೀಸಿಗೆ ಹೋಗಿಬರುವವರು 23, 25 ಮಿಲಿಮೀಟರಿನ ತೆಳು ಟೈರ್ ಹಾಕಿಸಬೇಡಿ. ಫ್ರೇಮಿನಲ್ಲಿ ಜಾಗ ಇದ್ದರೆ 32 ಹಾಕಿಸಿ. ಮನೆಗೆ ಮೀಟರ್ ಇರುವ ನಿಲುವಿನ ಪಂಪ್ ತೆಗೆದುಕೊಂಡು ವಾರಕ್ಕೊಮ್ಮೆ ಗಾಳಿ ಹಾಕಿ. ಹಾವು ಕಚ್ಚಿದಂಥ ಪಂಚರ್ ನಿಂತೇಹೋಗುತ್ತದೆ.

ಚಕ್ರ ತೆಗೆಯಲು ಬ್ರೇಕ್ ಬಿಚ್ಚಿದ್ದರೆ ಹೊರಡುವ ಮೊದಲು ಅದನ್ನು ಮತ್ತೆ ಸಿಕ್ಕಿಸಿ. ಮರೆಯುವವರನ್ನು ಬೇಕಾದಷ್ಟು ನೋಡಿದ್ದೇನೆ. ಚಕ್ರ ಎತ್ತಿ ತಿರುಗಿಸಿ, ಬ್ರೇಕ್ ಒತ್ತಿ ನೋಡಿ. ದಾರಿಯಲ್ಲಿ ಬೇರೆ ಯಾರಾದರೂ ಸೈಕಲ್ ಮಲಗಿಸಿಕೊಂಡು ಕೂತಿದ್ದರೆ ನಿಧಾನ ಮಾಡಿ ‘ಏನಾದರೂ ಬೇಕಾ?’ ಅಂತ ಕೇಳಿ. ಗಾಜು ಬಿದ್ದಿದ್ದರೆ ಹಿಂದಿನವರಿಗೆ ಕೈ ತೋರಿಸಿ, ಕೂಗಿ ಹೇಳಿ.

ಮರುದಿನ ಬೆಳಗ್ಗೆ ಟೈರನ್ನು ಹೆಬ್ಬೆರಳಿನಿಂದ ಒತ್ತಿ. ಮೆತ್ತಗಾಗಿದ್ದರೆ ಕೂಡಲೇ ಬಿಚ್ಚಬೇಡಿ. ವಾಲಿನ ಬಾಯಿಗೆ ಒಂದು ಹನಿ ಎಂಜಲು ಹಚ್ಚಿ ನೋಡಿ. ಗುಳ್ಳೆ ಎದ್ದರೆ ಪ್ಯಾಚಿನ ತಪ್ಪಲ್ಲ, ವಾಲ್ ಬಿಗಿ ಮಾಡಬೇಕು. ಕಪ್ಪು ಸೈಕಲ್ಲಾದರೆ ಒಳಗಿನ ಸಣ್ಣ ವಾಲ್‌ಟ್ಯೂಬ್ ಬದಲಾಯಿಸಿದರೆ ಆಯಿತು.