ಟಿಮ್ಸ್ ಕಾಫಿಯ ಹಿಂದಿರುವ ಆ ಟಿಮ್ ಯಾರು?

ಟೊರಾಂಟೊ ಕಡೆಗೆ ಬಂದ ಮೊದಲ ವಾರದಲ್ಲೇ ಯಾರಾದರೊಬ್ಬರು ನಿಮ್ಮನ್ನು ಟಿಮ್ಸ್‌ಗೆ, ಅಂದರೆ ಟಿಮ್ ಹಾರ್ಟನ್ಸ್ ಕಾಫಿ ಅಂಗಡಿಗೆ, ಕರೆದುಕೊಂಡು ಹೋಗಿ, 'ಡಬಲ್ ಡಬಲ್' ಅಂತ ಕೇಳಿ ಎಂದು ಹೇಳಿಕೊಡುತ್ತಾರೆ. ಎರಡು ಪಾಲು ಕ್ರೀಮು, ಎರಡು ಪಾಲು ಸಕ್ಕರೆ. ನಮ್ಮ ಫಿಲ್ಟರ್ ಕಾಫಿ ಜೊತೆ ಹೋಲಿಸಲು ಹೋಗಬೇಡಿ, ಅದೇ ಬೇರೆ ಇದೇ ಬೇರೆ. ಆದರೆ ಕಪ್ಪಿನ ಮೇಲಿರುವ ಹೆಸರು ಯಾರದು ಅಂತ ತಿಳಿದುಕೊಳ್ಳಿ. ಎರಡು ಚಳಿಗಾಲ ಕಳೆಯುವವರೆಗೂ ನಾನು ಟಿಮ್ ಹಾರ್ಟನ್ ಅಂದರೆ ಯಾರೋ ಬೇಕರಿ ಯಜಮಾನ ಅಂದುಕೊಂಡಿದ್ದೆ. ಒಂದು ದಿನ ಜೊತೆಗೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ಕಪ್ಪು ತೋರಿಸಿ, "ಚಿಕ್ಕವನಿದ್ದಾಗ ಅಪ್ಪನ ಪಕ್ಕ ಕೂತು ಇವನ ಆಟ ನೋಡಿದ್ದೆ" ಅಂದರು. ನಾನು ಪೆಚ್ಚಾದೆ. ಟಿಮ್ ಹಾರ್ಟನ್ ಹಾಕಿ ಆಟಗಾರ!

ಇಲ್ಲಿ ಬರೀ 'ಹಾಕಿ' ಅಂದರೆ ಐಸ್ ಹಾಕಿ. ನೀವು ಕೊಡಗಿನವರಾಗಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಹಾಕಿಗೆ ಇವರು 'ಫೀಲ್ಡ್ ಹಾಕಿ' ಅನ್ನುತ್ತಾರೆ. ಇನ್ನೊಂದು ಮಾತು: ಟೊರಾಂಟೊ ತಂಡದ ಹೆಸರು ಮೇಪಲ್ ಲೀಫ್ಸ್. ವ್ಯಾಕರಣ ನೆನೆದು 'ಲೀವ್ಸ್' ಅಂದೀರಿ ಮತ್ತೆ!

ಹಾರ್ಟನ್ ಹುಟ್ಟಿದ್ದು 1930ರ ಜನವರಿ 12ರಂದು, ಉತ್ತರ ಒಂಟಾರಿಯೋದ ಕಾಕ್ರೇನ್‌ನಲ್ಲಿ. ದಾಖಲೆಯಲ್ಲಿ ಹೆಸರು ಮೈಲ್ಸ್ ಗಿಲ್ಬರ್ಟ್. ಟಿಮ್ ಅನ್ನುವುದು ಅಮ್ಮನಿಗೆ ಇಷ್ಟವಾಗಿದ್ದ ಹೆಸರು, ಕೊನೆಗೆ ಉಳಿದದ್ದೂ ಅದೇ. ಅಪ್ಪ ರೈಲ್ವೆಯಲ್ಲಿ ಮೆಕ್ಯಾನಿಕ್. ಗಣಿಗಳ ಊರಾದ ಸಡ್ಬರಿಯಲ್ಲಿ ಆಡಿ ಬೆಳೆದ ಹುಡುಗನನ್ನು ಲೀಫ್ಸ್‌ನವರು ಗುರುತಿಸಿ ಟೊರಾಂಟೊದ ಸೇಂಟ್ ಮೈಕಲ್ಸ್ ಕಾಲೇಜಿಗೆ ತಂದರು. ಅಲ್ಲಿಂದ ಪಿಟ್ಸ್‌ಬರ್ಗ್‌ನ ಕೆಳಹಂತದ ತಂಡದಲ್ಲಿ ಮೂರು ವರ್ಷ ಪಳಗಿ, 1952ರಲ್ಲಿ ಲೀಫ್ಸ್‌ನಲ್ಲಿ ಕಾಯಂ ಜಾಗ ಹಿಡಿದ. ಬೆನ್ನ ಮೇಲೆ 7ನೇ ನಂಬರು.

ಆ ಕಾಲವೇ ಬೇರೆ. ಎನ್‌ಎಚ್‌ಎಲ್‌ನಲ್ಲಿ, ಅಂದರೆ ಇಲ್ಲಿನ ದೊಡ್ಡ ಹಾಕಿ ಲೀಗ್‌ನಲ್ಲಿ, ಇದ್ದದ್ದು ಆರೇ ತಂಡ: ಟೊರಾಂಟೊ, ಮಾಂಟ್ರಿಯಲ್, ಬಾಸ್ಟನ್, ನ್ಯೂಯಾರ್ಕ್, ಡೆಟ್ರಾಯಿಟ್, ಶಿಕಾಗೊ. ನೂರು ಚಿಲ್ಲರೆ ಆಟಗಾರರಿಗಷ್ಟೇ ಅನ್ನ. ಒಂದು ತಂಡಕ್ಕೆ ಸಹಿ ಹಾಕಿದರೆ ಆಟಗಾರ ಅವರ ಆಸ್ತಿ. ಮಾರುವುದೂ ಇಟ್ಟುಕೊಳ್ಳುವುದೂ ಅವರಿಗೆ ಸೇರಿದ್ದು. ತಲೆಗೆ ಹೆಲ್ಮೆಟ್ ಹಾಕುವವರೇ ಅಪರೂಪ. ಸಂಬಳದಲ್ಲಿ ವರ್ಷ ಪೂರ್ತಿ ಸಾಗದೆ ಎಷ್ಟೋ ಜನ ಬೇಸಿಗೆಯಲ್ಲಿ ಬೇರೆ ಕೆಲಸ ಹುಡುಕುತ್ತಿದ್ದರು.

ಹಾರ್ಟನ್ ಡಿಫೆನ್ಸ್‌ಮನ್, ಅಂದರೆ ಎದುರಾಳಿಗಳು ಗೋಲಿನ ಹತ್ತಿರ ಸುಳಿಯದಂತೆ ನೋಡಿಕೊಳ್ಳುವವನು. ಕಣ್ಣು ಮಂದ, ಮೈಯಲ್ಲಿ ಮಾತ್ರ ಎತ್ತಿನ ಬಲ. ಜಗಳ ಎದ್ದರೆ ಗುದ್ದುವ ಬದಲು ಎದುರಿನವನನ್ನು ಬಾಚಿ ತಬ್ಬಿ ಅಲುಗಾಡದ ಹಾಗೆ ಹಿಡಿದುಬಿಡುತ್ತಿದ್ದ. 'ಕರಡಿ ಅಪ್ಪುಗೆ' ಅಂತಲೇ ಅದು ಹೆಸರುವಾಸಿ. 1955ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ರೇಂಜರ್ಸ್‌ನ ಬಿಲ್ ಗ್ಯಾಡ್ಸ್‌ಬಿ ಕೊಟ್ಟ ಡಿಕ್ಕಿಗೆ ಕಾಲೂ ಮುರಿಯಿತು, ದವಡೆಯೂ ಮುರಿಯಿತು. ಮುಂದಿನ ಸೀಸನ್ನಿನಲ್ಲಿ ಅರ್ಧದಷ್ಟು ಪಂದ್ಯಗಳಿಗೆ ಆತನಿಲ್ಲ. ಕಥೆ ಮುಗಿಯಿತು ಅಂದುಕೊಂಡವರೂ ಇದ್ದಿರಬೇಕು. ಆದರೆ ಅದೇ ಮನುಷ್ಯ 1961ರ ಫೆಬ್ರುವರಿಯಿಂದ 1968ರ ಫೆಬ್ರುವರಿವರೆಗೆ ಒಂದೂ ತಪ್ಪಿಸದೆ ಸತತ 486 ಪಂದ್ಯ ಆಡಿದ! ಡಿಫೆನ್ಸ್‌ಮನ್‌ಗಳ ಪೈಕಿ ಆ ದಾಖಲೆ ಮುರಿಯಲು 2007 ಬರಬೇಕಾಯಿತು. ನನ್ನನ್ನು ಕೇಳಿದರೆ ಟ್ರೋಫಿಗಳಿಗಿಂತ ದೊಡ್ಡದು ಈ 486.

ಟ್ರೋಫಿಗಳೂ ಕಡಿಮೆಯಿಲ್ಲ. 1962, 63, 64 ಮತ್ತು 1967, ಹೀಗೆ ನಾಲ್ಕು ಸ್ಟ್ಯಾನ್ಲಿ ಕಪ್, ಅಂದರೆ ಎನ್‌ಎಚ್‌ಎಲ್ ಗೆದ್ದ ತಂಡಕ್ಕೆ ಸಿಗುವ ಟ್ರೋಫಿ. 1967ರಲ್ಲಿ ಮಾಂಟ್ರಿಯಲ್ ತಂಡವನ್ನು ಸೋಲಿಸಿದಾಗ ಹಾರ್ಟನ್‌ಗೆ 37 ವರ್ಷ. ಆಮೇಲೆ ಲೀಫ್ಸ್ ಇಲ್ಲಿಯವರೆಗೆ ಕಪ್ ಗೆದ್ದಿಲ್ಲ. ಹಾಗಾಗಿ ಆಫೀಸಿನಲ್ಲಿ ಯಾರಾದರೂ 'ಅರವತ್ತೇಳು' ಅಂದು ನಿಟ್ಟುಸಿರು ಬಿಟ್ಟರೆ ವಿಷಯ ಇದು. ನಗಬಹುದು, ಆದರೆ ಅವರು ನಕ್ಕ ಮೇಲೆ ನಗಿ.

ಅಂಗಡಿ ಹುಟ್ಟಿದ್ದು ಬೇಸಿಗೆಯ ಆ ಉಪಕಸುಬಿನ ಹುಡುಕಾಟದಲ್ಲಿ. ಹಾರ್ಟನ್ ಕಾರು ಮಾರಿ ನೋಡಿದ, ಬರ್ಗರ್ ಅಂಗಡಿ ಹಾಕಿ ನೋಡಿದ. 1964ರಲ್ಲಿ ಹ್ಯಾಮಿಲ್ಟನ್‌ನ ಆಟವಾ ಸ್ಟ್ರೀಟ್‌ನಲ್ಲಿ, ಮೊದಲು ಪೆಟ್ರೋಲ್ ಬಂಕ್ ಇದ್ದ ಜಾಗದಲ್ಲಿ, ಡೋನಟ್ ಮತ್ತು ಕಾಫಿ ಅಂಗಡಿ ತೆರೆದ. ಮರುವರ್ಷ ಅದನ್ನು ವಹಿಸಿಕೊಂಡವನು ಪೊಲೀಸ್ ಕೆಲಸ ಮಾಡಿದ್ದ ರಾನ್ ಜಾಯ್ಸ್. 1967ರಲ್ಲಿ ಇಬ್ಬರೂ ಪಾಲುದಾರರಾದರು. ಉಸ್ತುವಾರಿ ಜಾಯ್ಸ್‌ದು, ಹೆಸರು ಹಾರ್ಟನ್‌ದು.

ಆಟ ಮಾತ್ರ ನಿಲ್ಲಲಿಲ್ಲ. 1970ರಲ್ಲಿ ಲೀಫ್ಸ್ ಆತನನ್ನು ನ್ಯೂಯಾರ್ಕ್‌ಗೆ ಕೊಟ್ಟಿತು, ಅಲ್ಲಿಂದ ಪಿಟ್ಸ್‌ಬರ್ಗ್, ಕೊನೆಗೆ ಬಫಲೊ. 1974ರ ಫೆಬ್ರುವರಿ 20ರ ರಾತ್ರಿ ಬಫಲೊ ಪರವಾಗಿ ಟೊರಾಂಟೊಗೆ ಬಂದು ತನ್ನ ಹಳೆಯ ತಂಡದ ವಿರುದ್ಧವೇ ಆಡಿದ. ದವಡೆಗೆ ಪೆಟ್ಟಾಗಿದ್ದರಿಂದ ಮೂರನೆಯ, ಅಂದರೆ ಕೊನೆಯ ಅವಧಿಯಲ್ಲಿ ಕಣಕ್ಕಿಳಿಯಲಿಲ್ಲ, ತಂಡವೂ ಸೋತಿತು. ಇಲ್ಲಿ ಪಂದ್ಯ ಮುಗಿದ ಮೇಲೆ ಮೂವರು ಉತ್ತಮ ಆಟಗಾರರ ಹೆಸರು ಹೇಳುವ ಪದ್ಧತಿ ಇದೆ. ಅಂದು ಅದರಲ್ಲಿ ಹಾರ್ಟನ್ ಹೆಸರೂ ಇತ್ತು. ಬೆಳಗಿನ ಜಾವ ಒಬ್ಬನೇ ಬಫಲೊ ಕಡೆಗೆ ಕಾರು ಓಡಿಸಿಕೊಂಡು ಹೋಗುವಾಗ ಸೇಂಟ್ ಕ್ಯಾಥರೀನ್ಸ್ ಹತ್ತಿರ ಅಪಘಾತವಾಗಿ ತೀರಿಕೊಂಡ. ವಯಸ್ಸು 44. ವಿಪರೀತ ವೇಗ, ಸೀಟ್ ಬೆಲ್ಟ್ ಇರಲಿಲ್ಲ. ಮದ್ಯ ಮಿತಿ ಮೀರಿತ್ತು ಎಂಬುದು ಹೊರಗೆ ಬಂದದ್ದು 2005ರಲ್ಲಿ. ರಸ್ತೆ ಯಾವುದು ಗೊತ್ತೇ? ಊರಿಂದ ಅಪ್ಪ ಅಮ್ಮ ಬಂದಾಗ ನಯಾಗರ ತೋರಿಸಲು ನೀವು ಹಿಡಿಯುವ ಅದೇ ಕ್ಯೂಇಡಬ್ಲ್ಯೂ ಹೆದ್ದಾರಿ.

ಲೆಕ್ಕ ಬೇಕಾದವರಿಗೆ: 1,446 ಪಂದ್ಯ, 115 ಗೋಲು, 403 ಅಸಿಸ್ಟ್. ಇಲ್ಲಿ ಗೋಲಿಗೆ ಮುಂಚೆ ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ದಾಟಿಸಿಕೊಟ್ಟ ಇಬ್ಬರಿಗೂ ಅಸಿಸ್ಟ್ ಸಿಗಬಹುದು, ಆಟಗಾರನ ಲೆಕ್ಕದಲ್ಲಿ ಅದಕ್ಕೂ ಗೋಲಿನಷ್ಟೇ ಬೆಲೆ. 1977ರಲ್ಲಿ ಹಾಕಿಯ ದಿಗ್ಗಜರನ್ನು ಗೌರವಿಸುವ ಹಾಲ್ ಆಫ್ ಫೇಮ್‌ಗೆ ಆತನ ಹೆಸರು ಸೇರಿತು.

ಆತ ಆಡಿದ ಜಾಗ ನೋಡಬೇಕಾ? ಸಬ್‌ವೇಯಲ್ಲಿ ಕಾಲೇಜ್ ಸ್ಟೇಷನ್‌ಗೆ ಇಳಿಯಿರಿ. ಒಂದು ಕಡೆಯ ಗೋಡೆಯಲ್ಲಿ ಲೀಫ್ಸ್, ಎದುರು ಗೋಡೆಯಲ್ಲಿ ಮಾಂಟ್ರಿಯಲ್ ಆಟಗಾರರ ಚಿತ್ರ. ಮೇಲೆ ಬಂದು ಪೂರ್ವಕ್ಕೆ ಐದು ನಿಮಿಷ ನಡೆದರೆ ಮೇಪಲ್ ಲೀಫ್ ಗಾರ್ಡನ್ಸ್. ಈಗ ಅದರ ಕೆಳಗಡೆ ಲಾಬ್ಲಾಸ್ ದಿನಸಿ ಅಂಗಡಿ ಇದೆ. ಸಾಮಾನಿನ ಸಾಲುಗಳ ನಡುವೆ ನೆಲದಲ್ಲಿ ಒಂದು ಕೆಂಪು ಚುಕ್ಕೆ ಕಾಣುತ್ತದೆ, ಹಿಂದೆ ಮಂಜಿನ ಕಣದ ನಟ್ಟನಡುವೆ ಇದ್ದ ಗುರುತು. ಜನ ಅದರ ಮೇಲೆಯೇ ಟ್ರಾಲಿ ತಳ್ಳಿಕೊಂಡು ಹೋಗುತ್ತಿರುತ್ತಾರೆ.