ಸಿಪಿಆರ್ ವೇಳೆ ಮನೆಯವರು ಒಳಗಿರಲೇ? ರೋಗಿಯನ್ನು ಮೊದಲೇ ಕೇಳುವ ಬಗೆ

ಸಿಪಿಆರ್ ಎಂದರೆ ಹೃದಯ ನಿಂತಾಗ ಎದೆ ಒತ್ತಿ ಮಾಡುವ ತುರ್ತು ಚಿಕಿತ್ಸೆ. ಹೃದಯ ನಿಂತ ಮೇಲೆ ರೋಗಿಯನ್ನು ಕೇಳಲಾಗದು. ಹೃದ್ರೋಗಿಗಳು ದಾಖಲಾದ ದಿನವೇ, ನೆಂಟರು ಹೊರಗಿರುವ ಹೊತ್ತು ನೋಡಿ ಕೇಳಿ: "ತುರ್ತು ಬಂದರೆ ಮನೆಯವರು ಪಕ್ಕದಲ್ಲಿರಲೇ? ಯಾರಿರಲಿ? ಯಾರು ಬೇಡ?" ಕೊನೆಯ ಪ್ರಶ್ನೆ ಬಿಡಬೇಡಿ. ಹೆಂಡತಿ ಇರಲಿ, ಮಗ ನೋಡುವುದು ಬೇಡ ಎನ್ನುವವರಿರುತ್ತಾರೆ. ಬಟ್ಟೆ ಸರಿಸಿದ ಮೈ ಬಗ್ಗೆ ಸಂಕೋಚವೂ ಇರುತ್ತದೆ. ಉತ್ತರವನ್ನು ಹೆಸರು ಸಮೇತ ಕೇಸ್ ಶೀಟ್‌ನಲ್ಲಿ ಬರೆಯಿರಿ. ಬಾಯಿಮಾತು ಶಿಫ್ಟ್ ಬದಲಾದಾಗ ಕಳೆದುಹೋಗುತ್ತದೆ.

ಆ ಗಳಿಗೆಯಲ್ಲಿ ಒಬ್ಬ ನರ್ಸ್ ಮನೆಯವರಿಗೇ ಮೀಸಲಿರಲಿ. ಆ ನರ್ಸ್‌ಗೆ ಬೇರೆ ಕೆಲಸ ಕೊಡಬೇಡಿ. ಮನೆಯವರನ್ನು ಒಳಗೆ ಕರೆಯುವ ಮುನ್ನ ನರ್ಸ್ ಹೇಳಬೇಕಾದ್ದು: ನಿಮಿಷಕ್ಕೆ 100ರಿಂದ 120 ಸಲ, 5–6 ಸೆಂ.ಮೀ. ಆಳಕ್ಕೆ ಎದೆ ಒತ್ತುತ್ತಾರೆ, ಪಕ್ಕೆಲುಬು ಮುರಿಯಬಹುದು, ಹೃದಯಕ್ಕೆ ವಿದ್ಯುತ್ ಶಾಕ್ ಕೊಟ್ಟಾಗ ಮೈ ಅದುರುತ್ತದೆ, ಆಗ ಯಾರೂ ಮುಟ್ಟಬಾರದು. ಇದನ್ನು ಹೇಳದೆ ಕರೆದರೆ ಒದ್ದಾಡಿಸುತ್ತಿದ್ದಾರೆಂದು ಗಲಾಟೆ ಶುರುವಾಗುತ್ತದೆ. ಇಬ್ಬರು ಸಾಕು, ಕಾಲಿನ ಕಡೆ ನಿಲ್ಲಲಿ, ಹತ್ತಿರ ಒಂದು ಕುರ್ಚಿ ಇರಲಿ.

ನೋಡಿದವರ ಮನಸ್ಸು ಕೆಡುತ್ತದೆ ಎಂಬ ಅಂಜಿಕೆ ಸಹಜ. ಆದರೆ 2013ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದಲ್ಲಿ, 570 ಬಂಧುಗಳ ಪೈಕಿ ಹಾಜರಿರಲು ಅವಕಾಶ ಕೊಟ್ಟ ಗುಂಪಿನಲ್ಲೇ 90 ದಿನಗಳ ನಂತರ ಮಾನಸಿಕ ಆಘಾತದ ಲಕ್ಷಣ ಕಡಿಮೆಯಿತ್ತು. ಹಾಗೆಂದು ಒಲ್ಲೆ ಎಂದವರನ್ನು ಎಳೆತರಬೇಡಿ.