ಕೋಶದೊಳಗಿನ ಕಿಣ್ವಕ್ಕೆ ಬಣ್ಣದ ಆಂಟಿಬಾಡಿ: ಫ್ಲೋ ಲ್ಯಾಬ್‌ನಲ್ಲಿ ನನ್ನ ಅನುಭವ

ಬೆಂಗಳೂರಿನ ಒಂದು ಲ್ಯಾಬ್‌ನ ಫ್ಲೋ ಸೈಟೋಮೆಟ್ರಿ ವಿಭಾಗದಲ್ಲಿ ನನ್ನ ಕೆಲಸ. ಆಂಟಿಬಾಡಿ ಎಂದರೆ ಒಂದು ನಿರ್ದಿಷ್ಟ ಗುರಿಗೇ ಅಂಟುವ ಪ್ರೋಟೀನು; ಹೊಳೆಯುವ ಬಣ್ಣ ಕಟ್ಟಿದ ಆಂಟಿಬಾಡಿಯನ್ನು ಕೋಶಗಳಿಗೆ ಅಂಟಿಸಿ, ಒಂದೊಂದೇ ಕೋಶವನ್ನು ಲೇಸರ್ ಮುಂದೆ ಹಾಯಿಸಿ ಹೊಳಪು ಅಳೆಯುವುದೇ ಫ್ಲೋ. ನಮಗೆ ಬರುವ ಸ್ಯಾಂಪಲ್‌ಗಳಲ್ಲಿ ಹೆಚ್ಚಿನವು ರಕ್ತದ ಕ್ಯಾನ್ಸರ್ ಇರಬಹುದು ಎಂಬ ಅನುಮಾನದ ಮೇಲೆ ಕಳಿಸಿದವು. ಲ್ಯುಕೇಮಿಯಾ ಹೌದಾದರೆ ಅದು ಮೈಲಾಯ್ಡ್ (ನ್ಯೂಟ್ರೋಫಿಲ್‌ನಂಥ ಕೋಶಗಳ) ಜಾತಿಯದೋ ಲಿಂಫಾಯ್ಡ್ (ಲಿಂಫೋಸೈಟುಗಳ) ಜಾತಿಯದೋ ಎಂದು ಹೇಳಬೇಕು. ಎರಡರ ಚಿಕಿತ್ಸೆಯೂ ಬೇರೆ ಬೇರೆ. ಈ ತೀರ್ಮಾನಕ್ಕೆ ನಾವು ಬಹಳ ನೆಚ್ಚಿಕೊಂಡಿರುವುದು ಎರಡು ಕಿಣ್ವಗಳನ್ನು.

ಒಂದು ಮೈಲಾಯ್ಡ್ ಜಾತಿಯನ್ನು ತೋರಿಸುವ ಮೈಲೋಪೆರಾಕ್ಸಿಡೇಸ್, ನಮ್ಮ ಬಾಯಲ್ಲಿ ಎಂಪಿಒ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಹರಳುಗಳಲ್ಲಿ (ಗ್ರ್ಯಾನ್ಯೂಲ್ ಎಂಬ ಪುಟ್ಟ ಚೀಲಗಳಲ್ಲಿ) ಇದು ತುಂಬಿರುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಕ್ಲೋರೈಡ್ ಬಳಸಿ ಹೈಪೋಕ್ಲೋರಸ್ ಆಮ್ಲ ತಯಾರಿಸಿ ಬ್ಯಾಕ್ಟೀರಿಯಾ ಕೊಲ್ಲುವುದು ಇದರ ಕೆಲಸ. ಕೀವಿನ ಹಸಿರು ಛಾಯೆಗೂ ಇದೇ ಕಾರಣ. ಇನ್ನೊಂದರ ಪೂರ್ತಿ ಹೆಸರು ಟರ್ಮಿನಲ್ ಡಿಆಕ್ಸಿನ್ಯೂಕ್ಲಿಯೋಟೈಡಿಲ್ ಟ್ರಾನ್ಸ್‌ಫರೇಸ್. ಅಷ್ಟುದ್ದ ಯಾರೂ ಹೇಳುವುದಿಲ್ಲ, ಟಿಡಿಟಿ ಅಂದರೆ ಸಾಕು. ಎಳೆಯ ಲಿಂಫೋಸೈಟುಗಳು ತಮ್ಮ ಆಂಟಿಬಾಡಿ ಅಥವಾ ಟಿ ಕೋಶ ಗ್ರಾಹಕದ ಜೀನ್‌ಗಳನ್ನು ಜೋಡಿಸುವಾಗ, ಯಾವ ಅಚ್ಚೂ ಇಲ್ಲದೆ ಡಿಎನ್‌ಎ ಅಕ್ಷರಗಳನ್ನು ಸೇರಿಸುತ್ತಾ ಹೋಗುವ ಕಿಣ್ವ ಇದು. ಕೋಶ ಬಲಿತ ಮೇಲೆ ಇದು ಇರುವುದಿಲ್ಲ. ಆದ್ದರಿಂದ ಲಿಂಫಾಯ್ಡ್ ಕೋಶದಲ್ಲಿ ಟಿಡಿಟಿ ಕಂಡರೆ ಅದು ಎಳೆಯದು ಎಂದರ್ಥ. ಕೆಲವು ಮೈಲಾಯ್ಡ್ ಲ್ಯುಕೇಮಿಯಾಗಳಲ್ಲೂ ಟಿಡಿಟಿ ಕಾಣುತ್ತದೆ, ಹಾಗಾಗಿ ಅದೊಂದನ್ನೇ ನೋಡಿ ಜಾತಿ ಹೇಳಲು ಬರುವುದಿಲ್ಲ.

ಎರಡೂ ಕೋಶದ ಹೊರಗೆ ಸಿಗುವುದಿಲ್ಲ, ಕಷ್ಟ ಇರುವುದೇ ಇಲ್ಲಿ. ಸಿಡಿ19, ಸಿಡಿ34 ಥರದ ಗುರುತುಗಳು ಕೋಶದ ಮೈಮೇಲೇ ಇರುತ್ತವೆ. ಆಂಟಿಬಾಡಿ ಹಾಕಿ ಕತ್ತಲಲ್ಲಿ ಇಟ್ಟರೆ ಬಂದು ಅಂಟಿಕೊಳ್ಳುತ್ತದೆ. ಎಂಪಿಒ ಇರುವುದು ಹೊರ ಪೊರೆ ದಾಟಿ ಹರಳಿನ ಪೊರೆಯನ್ನೂ ದಾಟಿದ ಮೇಲೆ. ಟಿಡಿಟಿ ಇರುವುದು ನ್ಯೂಕ್ಲಿಯಸ್‌ನಲ್ಲಿ. ಆಂಟಿಬಾಡಿಯಂಥ ದೊಡ್ಡ ಅಣು ಸುಮ್ನೆ ಅಲ್ಲಿಗೆ ಹೋಗುವುದಿಲ್ಲ. ಕೋಶದಲ್ಲಿ ತೂತು ಮಾಡಬೇಕು, ಆದರೆ ಒಳಗಿನ ಕಿಣ್ವ ಸೋರಿ ಹೋಗಬಾರದು. ಹೊರಗೆ ಆಗಲೇ ಅಂಟಿಸಿದ ಬಣ್ಣಗಳೂ ಕೆಡಬಾರದು.

ನಾನು ಮಾಡುವ ಕ್ರಮ ಹೀಗೆ. ಮೊದಲು ಕೋಶಗಳನ್ನು ಎಣಿಸಿ, ಟ್ಯೂಬ್‌ಗೆ ಸುಮಾರು 10 ಲಕ್ಷ ಕೋಶ ಬರುವಂತೆ ಹೊಂದಿಸುತ್ತೇನೆ. ಈ ಹಂತವನ್ನು ಬಿಟ್ಟರೆ ಮುಂದಿನದ್ದೆಲ್ಲ ಅಂದಾಜಿನ ಮೇಲೆ ನಡೆಯುತ್ತದೆ. ಆಂಟಿಬಾಡಿ ಅಷ್ಟೇ ಇದ್ದು ಕೋಶ ಜಾಸ್ತಿಯಾದರೆ ಹೊಳಪು ಕುಗ್ಗುತ್ತದೆ. ಕೋಶ ಕಡಿಮೆಯಾದರೆ ಹಿನ್ನೆಲೆ ಏರುತ್ತದೆ. ಆಮೇಲೆ ಮೈಮೇಲಿನ ಗುರುತುಗಳ ಆಂಟಿಬಾಡಿ ಹಾಕುತ್ತೇನೆ. ಅದು ಮುಗಿದು ತೊಳೆದಾದ ಮೇಲೆ ಫಾರ್ಮಾಲ್ಡಿಹೈಡ್ ಇರುವ ಫಿಕ್ಸೇಟಿವ್. ಇದು ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆದು ಎಲ್ಲಿದ್ದವೋ ಅಲ್ಲೇ ನಿಲ್ಲಿಸುತ್ತದೆ. ನಂತರ ಸ್ಯಾಪೋನಿನ್ ಇರುವ ದ್ರಾವಣ, ಅದರ ಜೊತೆಗೇ ಎಂಪಿಒ ಅಥವಾ ಟಿಡಿಟಿ ಆಂಟಿಬಾಡಿ.

ಸ್ಯಾಪೋನಿನ್ ಬಗ್ಗೆ ಹೊಸಬರಿಗೆ ನಾನು ಮತ್ತೆ ಮತ್ತೆ ಹೇಳುವ ಮಾತೊಂದಿದೆ. ಅದು ಪೊರೆಯ ಕೊಲೆಸ್ಟರಾಲ್‌ಗೆ ಅಂಟಿ ತೂತು ಮಾಡುತ್ತದೆ, ಆದರೆ ಆ ತೂತು ಶಾಶ್ವತ ಅಲ್ಲ. ಸ್ಪ್ರಿಂಗ್ ಬಾಗಿಲಿನ ಹಾಗೆ, ಕೈ ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಒಳಗಿನ ಆಂಟಿಬಾಡಿ ಹಾಕಿದ ಮೇಲೆ ಬರೀ ಪಿಬಿಎಸ್‌ನಲ್ಲಿ (ಸ್ಯಾಪೋನಿನ್ ಇಲ್ಲದ ಉಪ್ಪುನೀರಿನ ಬಫರ್‌ನಲ್ಲಿ) ತೊಳೆದರೆ, ಅಂಟಿಕೊಳ್ಳದೆ ಉಳಿದ ಆಂಟಿಬಾಡಿ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಕಿಣ್ವ ಇಲ್ಲದ ಕೋಶವೂ ಹೊಳೆಯುತ್ತದೆ. ಮೊದಲ ತೊಳೆತಕ್ಕೆ ಸ್ಯಾಪೋನಿನ್ ಇರುವ ಬಫರ್ ಬಳಸುವುದು ನನ್ನ ರೂಢಿ. ಟಿಡಿಟಿಗೆ ಇನ್ನೊಂದು ಎಚ್ಚರ ಬೇಕು. ಎಲ್ಲ ಕಿಟ್‌ಗಳೂ ನ್ಯೂಕ್ಲಿಯಸ್‌ವರೆಗೆ ಒಂದೇ ಥರ ದಾರಿ ಬಿಡಿಸುವುದಿಲ್ಲ. ಕಿಟ್ ಬದಲಾದರೆ, ಟಿಡಿಟಿ ಇದೆ ಎಂದು ಮೊದಲೇ ಗೊತ್ತಿರುವ ಸ್ಯಾಂಪಲ್ ಓಡಿಸಿ ನೋಡದೆ ಅದನ್ನು ಬಳಸಬಾರದು.

ಬಣ್ಣದ ಆಯ್ಕೆಗೆ ಬರೋಣ. ಕೋಶದೊಳಗಿನ ಕಿಣ್ವಗಳಿಗೆ ನನ್ನ ಒಲವು ಎಫ್‌ಐಟಿಸಿ ಎಂಬ ಹೊಳೆಯುವ ಬಣ್ಣದ ಕಡೆಗೆ. ಅದು ಬಹಳ ಪುಟ್ಟ ಅಣು, 389 ಡಾಲ್ಟನ್ ಅಷ್ಟೇ. ಪಿಇ ಎಂಬ ಬಣ್ಣ ಸುಮಾರು 2,40,000 ಡಾಲ್ಟನ್, ಅಂದರೆ ಆಂಟಿಬಾಡಿಗಿಂತಲೂ ದೊಡ್ಡದು. ಪಿಇ ಹೊಳಪು ಜಾಸ್ತಿ ಕೊಡುತ್ತದೆ, ನಿಜ. ಚೆನ್ನಾಗಿ ಕೆಲಸ ಮಾಡುವ ಪಿಇ ಆಂಟಿಬಾಡಿಗಳೂ ಇವೆ. ಆದರೆ ಇಕ್ಕಟ್ಟಾದ ದಾರಿಯಲ್ಲಿ ಹೋಗಿ, ಉಳಿದದ್ದು ತೊಳೆದು ವಾಪಸ್ ಬರುವುದಕ್ಕೆ ಸಣ್ಣದೇ ಲೇಸು ಅಂತ ನನಗನ್ನಿಸುತ್ತದೆ. ಯುರೋಪಿನ ಲ್ಯಾಬ್‌ಗಳ ಒಕ್ಕೂಟವಾದ ಯುರೋಫ್ಲೋ ಗುಂಪು 2012ರಲ್ಲಿ ಪ್ರಕಟಿಸಿದ ಎಂಟು ಬಣ್ಣದ ಮೊದಲ ಟ್ಯೂಬ್‌ನಲ್ಲೂ ಎಂಪಿಒ ಇರುವುದು ಎಫ್‌ಐಟಿಸಿಯಲ್ಲೇ. ಬಾಟಲಿಯ ಮೇಲೆ ಬರೆದ ಪ್ರಮಾಣವನ್ನು ನಾನು ಹಾಗೇ ಒಪ್ಪುವುದಿಲ್ಲ. ಪ್ರತಿ ಹೊಸ ಲಾಟ್ ಬಂದಾಗಲೂ ಅರ್ಧರ್ಧ ಇಳಿಸುತ್ತಾ ಟೈಟ್ರೇಟ್ ಮಾಡುತ್ತೇನೆ. ನ್ಯೂಟ್ರೋಫಿಲ್ ಮತ್ತು ಲಿಂಫೋಸೈಟ್ ನಡುವಿನ ಅಂತರ ಎಲ್ಲಿ ಅತಿ ಹೆಚ್ಚೋ ಅದೇ ನಮ್ಮ ಪ್ರಮಾಣ. ಹೊಳಪು ಅತಿ ಹೆಚ್ಚಿರುವ ಕಡೆ ನೋಡಿದರೆ ಮೋಸ ಹೋಗುತ್ತೇವೆ, ಅಲ್ಲಿ ಲಿಂಫೋಸೈಟುಗಳೂ ಏರಿರುತ್ತವೆ.

ಇಷ್ಟೆಲ್ಲ ಕೈಕೆಲಸ. ನನಗೆ ನಿಜವಾಗಿ ಮುಖ್ಯ ಅನ್ನಿಸುವುದು ಪ್ಲಾಟ್ (ಪ್ರತಿ ಕೋಶವೂ ಒಂದು ಚುಕ್ಕೆಯಾಗಿ ಕಾಣುವ ನಕ್ಷೆ) ಓದುವ ಕ್ರಮ. ಬ್ಲಾಸ್ಟ್‌ಗಳನ್ನು, ಅಂದರೆ ಲ್ಯುಕೇಮಿಯಾದ್ದೆಂಬ ಅನುಮಾನವಿರುವ ಎಳೆಯ ಕೋಶಗಳನ್ನು, ನಾನು ಕೊನೆಗೆ ನೋಡುತ್ತೇನೆ. ಮೊದಲು ಅದೇ ಟ್ಯೂಬ್‌ನಲ್ಲಿರುವ ಆರೋಗ್ಯವಂತ ಕೋಶಗಳನ್ನು ನೋಡುತ್ತೇನೆ. ಸಿಡಿ45 (ಬಿಳಿ ರಕ್ತಕಣಗಳ ಗುರುತು) ಮತ್ತು ಸೈಡ್ ಸ್ಕ್ಯಾಟರ್ (ಕೋಶದೊಳಗಿನ ಹರಳುಗಳಿಗೆ ತಕ್ಕಂತೆ ಪಕ್ಕಕ್ಕೆ ಚದುರುವ ಬೆಳಕು) ಹಾಕಿದರೆ ಲಿಂಫೋಸೈಟ್, ಮೊನೋಸೈಟ್, ನ್ಯೂಟ್ರೋಫಿಲ್ ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕಾಣುತ್ತವೆ. ನ್ಯೂಟ್ರೋಫಿಲ್‌ನಲ್ಲಿ ಎಂಪಿಒ ಜೋರಾಗಿ ಇರಲೇಬೇಕು. ಇದ್ದರೆ ಆಂಟಿಬಾಡಿ ಒಳಗೆ ಹೋಗಿದೆ ಎಂದು ಗೊತ್ತಾಯಿತು. ಲಿಂಫೋಸೈಟ್‌ನಲ್ಲಿ ಇರಲೇಬಾರದು. ಅಲ್ಲಿ ಅದು ಕಾಣದಿದ್ದರೆ ತೊಳೆತ ಸರಿಯಾಗಿದೆ ಎಂದರ್ಥ. ಇದಾದ ಮೇಲೆಯೇ ಬ್ಲಾಸ್ಟ್ ಇರುವ ಜಾಗಕ್ಕೆ ಹೋಗುವುದು. ಬೇರೆ ಟ್ಯೂಬ್‌ನಲ್ಲಿ, ಕೋಶದ ಯಾವ ಗುರಿಗೂ ಸೇರದ ಆಂಟಿಬಾಡಿ ಹಾಕಿ ಇಡುವ ಐಸೋಟೈಪ್ ಕಂಟ್ರೋಲ್‌ಗಿಂತ ಈ ಜೊತೆಗಾರ ಕೋಶಗಳ ಸಾಕ್ಷಿಯೇ ಗಟ್ಟಿ. ಅದೇ ಟ್ಯೂಬು, ಅದೇ ಫಿಕ್ಸೇಟಿವ್, ಅದೇ ತೊಳೆತ, ಅದೇ ಆಂಟಿಬಾಡಿ, ಎಲ್ಲವನ್ನೂ ಅವು ಬ್ಲಾಸ್ಟ್‌ಗಳ ಜೊತೆಗೇ ಅನುಭವಿಸಿವೆ.

ಒಂದು ಸ್ಯಾಂಪಲ್ ನೆನಪಾಗುತ್ತದೆ. ದೂರದ ಊರಿನಿಂದ ಬೇಸಿಗೆಯಲ್ಲಿ ಬಂದ ಬೋನ್ ಮ್ಯಾರೋ. ಬ್ಲಾಸ್ಟ್‌ಗಳಲ್ಲಿ ಸಿಡಿ19 ಇತ್ತು, ಸಿಡಿ79ಎ ಇತ್ತು (ಎರಡೂ ಬಿ ಕೋಶದ ಗುರುತುಗಳು), ಟಿಡಿಟಿ ಇತ್ತು. ಬಿ ಜಾತಿಯ ಲಿಂಫಾಯ್ಡ್ ಲ್ಯುಕೇಮಿಯಾ ಎಂದು ಸಲೀಸಾಗಿ ಹೇಳಬಹುದಾಗಿತ್ತು. ಆದರೆ ಎಂಪಿಒ ಪ್ಲಾಟ್‌ನಲ್ಲಿ ಬ್ಲಾಸ್ಟ್‌ಗಳ ಗುಂಪು ಪೂರ್ತಿಯಾಗಿ ಸ್ವಲ್ಪ ಬಲಕ್ಕೆ, ಅಂದರೆ ಹೊಳಪು ಹೆಚ್ಚಿರುವ ಕಡೆಗೆ, ಸರಿದಿತ್ತು. ಅದನ್ನು ನಿಜ ಎಂದು ಒಪ್ಪಿದರೆ ಮಿಶ್ರ ಜಾತಿಯ ಲ್ಯುಕೇಮಿಯಾ ಎಂಬ ಮಾತು ಬರುತ್ತದೆ, ಚಿಕಿತ್ಸೆಯ ದಾರಿಯೇ ಬದಲಾಗಬಹುದು. ಲಿಂಫೋಸೈಟುಗಳನ್ನು ನೋಡಿದೆವು. ಅವೂ ಅಷ್ಟೇ ಬಲಕ್ಕೆ ಸರಿದಿದ್ದವು. ಟಿ ಕೋಶದಂಥ ಲಿಂಫೋಸೈಟ್‌ನಲ್ಲಿ ಎಂಪಿಒ ಇರಲು ಸಾಧ್ಯವೇ ಇಲ್ಲ, ಅಲ್ವಾ? ಸೈಡ್ ಸ್ಕ್ಯಾಟರ್‌ನಲ್ಲಿ ನ್ಯೂಟ್ರೋಫಿಲ್‌ಗಳು ಕುಸಿದು, ಒಡೆದ ಚೂರುಗಳು ಜಾಸ್ತಿ ಕಾಣುತ್ತಿದ್ದವು. ಎಂಪಿಒ ಧನ ವಿದ್ಯುದಂಶ ಹೆಚ್ಚಿರುವ ಪ್ರೋಟೀನು. ಒಡೆದ ನ್ಯೂಟ್ರೋಫಿಲ್‌ನಿಂದ ಹೊರಬಂದರೆ ಅಕ್ಕಪಕ್ಕದ ಕೋಶಗಳ ಮೈಗೆ ಅಂಟಿಕೊಳ್ಳುತ್ತದೆ. ಸತ್ತ ಕೋಶಗಳಂತೂ ಯಾವ ಆಂಟಿಬಾಡಿಯನ್ನಾದರೂ ಹೀರುತ್ತವೆ. ಹೊಸ ಸ್ಯಾಂಪಲ್ ತರಿಸಿ, ಫಿಕ್ಸ್ ಮಾಡಿದ ಮೇಲೂ ಉಳಿಯುವ ವಯಬಿಲಿಟಿ ಬಣ್ಣ ಹಾಕಿ ಸತ್ತವುಗಳನ್ನು ಹೊರಗಿಟ್ಟೆವು. ಲಿಂಫೋಸೈಟುಗಳು ತಮ್ಮ ಜಾಗಕ್ಕೆ ಬಂದವು, ಬ್ಲಾಸ್ಟ್‌ಗಳೂ ಅವುಗಳ ಜೊತೆಗೇ ಬಂದವು. ಎಂಪಿಒ ನೆಗೆಟಿವ್. ಆ ಒಂದು ಶಬ್ದ ಬರೆಯಲು ಬೇಕಾದ ಧೈರ್ಯ ಕೊಟ್ಟದ್ದು ಪಕ್ಕದಲ್ಲಿದ್ದ ಸಾಧಾರಣ ಲಿಂಫೋಸೈಟುಗಳು.

ಕೆಲವು ಮ್ಯಾರೋಗಳಲ್ಲಿ ಬ್ಲಾಸ್ಟ್‌ಗಳೇ ತುಂಬಿ, ನ್ಯೂಟ್ರೋಫಿಲ್ ಹುಡುಕಿದರೂ ಸಿಗುವುದಿಲ್ಲ. ಆಗ ಆರೋಗ್ಯವಂತರ ರಕ್ತದ ಒಂದು ಟ್ಯೂಬನ್ನು ಅದೇ ಹೊತ್ತಿಗೆ, ಅದೇ ದ್ರಾವಣಗಳಲ್ಲಿ ಓಡಿಸುತ್ತೇವೆ. ಅದಿಲ್ಲದೆ ನೆಗೆಟಿವ್ ಎಂದು ಬರೆಯುವುದಕ್ಕೆ ನಾನು ಒಪ್ಪುವುದಿಲ್ಲ.

ಇನ್ನೊಂದು ಮಾತು. ಆಂಟಿಬಾಡಿ ಹಿಡಿಯುವುದು ಕಿಣ್ವದ ಪ್ರೋಟೀನನ್ನು, ಅದರ ಕೆಲಸವನ್ನಲ್ಲ. ಸ್ಲೈಡ್ ಮೇಲೆ ಪೆರಾಕ್ಸೈಡ್ ಹಾಕಿ ಬಣ್ಣ ಬರಿಸುವ ಹಳೆಯ ಸೈಟೋಕೆಮಿಸ್ಟ್ರಿ ಅದರ ಕೆಲಸವನ್ನೇ ನೋಡುತ್ತದೆ. 1976ರ ಎಫ್‌ಎಬಿ (ಫ್ರೆಂಚ್-ಅಮೆರಿಕನ್-ಬ್ರಿಟಿಷ್) ವರ್ಗೀಕರಣದ ಕಾಲದಿಂದ ಅಲ್ಲಿ ಕನಿಷ್ಠ 3% ಬ್ಲಾಸ್ಟ್‌ಗಳಲ್ಲಿ ಬಣ್ಣ ಬಂದರೆ ಪಾಸಿಟಿವ್ ಎನ್ನುವ ಗಡಿ ನಡೆದುಬಂದಿದೆ. ಎರಡೂ ಪರೀಕ್ಷೆಗಳು ಬೇರೆ ಬೇರೆ ಉತ್ತರ ಕೊಟ್ಟರೆ ಒಂದು ಸುಳ್ಳು ಎಂದು ನಿರ್ಧರಿಸುವ ಅಗತ್ಯವಿಲ್ಲ. ಪ್ರೋಟೀನು ಇದ್ದೂ ಕೆಲಸ ಮಾಡದೆ ಇರಬಹುದು. ಸ್ಲೈಡ್ ಹಳತಾಗಿ ಕಿಣ್ವ ಸತ್ತಿರಬಹುದು. ಫ್ಲೋ ಬಂದ ಮೇಲೆ ಸ್ಲೈಡ್ ಬೇಡ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2022ರ ವರ್ಗೀಕರಣ ಎಂಪಿಒ ವಿಷಯದಲ್ಲಿ ನಮ್ಮ ಓದುವ ಕ್ರಮಕ್ಕೇ ಬಲ ಕೊಟ್ಟಿತು. ಮಿಶ್ರ ಜಾತಿಯ ಲ್ಯುಕೇಮಿಯಾದಲ್ಲಿ ಎಂಪಿಒ ನೋಡಿ ಮೈಲಾಯ್ಡ್ ಎಂದು ಹೇಳಬೇಕಾದರೆ, ಬ್ಲಾಸ್ಟ್‌ಗಳಲ್ಲಿ ಒಂದು ಭಾಗದ ಹೊಳಪಾದರೂ ಬಲಿತ ನ್ಯೂಟ್ರೋಫಿಲ್‌ನ ಅರ್ಧಕ್ಕಿಂತ ಹೆಚ್ಚಿರಬೇಕು ಎನ್ನುತ್ತದೆ ಅದು. ಅಂದರೆ ಅಳತೆಗೋಲು ಅದೇ ಟ್ಯೂಬ್‌ನ ನ್ಯೂಟ್ರೋಫಿಲ್. ಈಗ ನಮ್ಮ ರಿಪೋರ್ಟ್‌ನಲ್ಲಿ ಪಾಸಿಟಿವ್, ನೆಗೆಟಿವ್ ಎಂದಷ್ಟೇ ಬರೆಯುವುದಿಲ್ಲ. ಶೇಕಡಾ ಎಷ್ಟು, ನ್ಯೂಟ್ರೋಫಿಲ್‌ಗೆ ಹೋಲಿಸಿದರೆ ಹೊಳಪು ಎಷ್ಟು, ಲಿಂಫೋಸೈಟ್ ಎಲ್ಲಿತ್ತು, ಸ್ಯಾಂಪಲ್ ತೆಗೆದು ಎಷ್ಟು ಹೊತ್ತಾಗಿತ್ತು, ಇಷ್ಟನ್ನೂ ಬರೆದು ಪ್ಲಾಟ್ ಸಮೇತ ಕಳಿಸುತ್ತೇವೆ.